ಹಲ್ಲು ಮಸೆಯುವ ಮೊಲ

ಮೇಲಿನ ಮನೆಯವರು ಊರಿಗೆ ಹೋಗುವಾಗ ಎರಡು ವಾರಕ್ಕೆಂದು ತಮ್ಮ ಮೊಲವನ್ನು ನಮ್ಮಲ್ಲಿ ಬಿಟ್ಟರು. ನಾಲ್ಕು ತಿಂಗಳಾದ ಮೇಲೆ ಫೋನ್ ಮಾಡಿ, ನಾವು ಅಲ್ಲಾಳಸಂದ್ರಕ್ಕೆ ವಾಪಸ್ ಬರುವುದಿಲ್ಲ, ನೀವೇ ಇಟ್ಟುಕೊಳ್ಳಿ ಎಂದು ಕೈತೊಳೆದುಕೊಂಡರು. ನನಗೇನೂ ಬೇಜಾರಾಗಲಿಲ್ಲ. ಅಷ್ಟು ಹೊತ್ತಿಗೆ ಆ ಬಿಳಿ ಮೊಲವನ್ನು ನಾನು ಹಚ್ಚಿಕೊಂಡುಬಿಟ್ಟಿದ್ದೆ.

ಅದಕ್ಕೆ ಮಾತ್ರ ನನ್ನನ್ನು ಕಂಡರಾಗದು ಎಂದು ನನಗೆ ಅನುಮಾನ. ಹುಲ್ಲು ತಿಂದು ಬಾಲ್ಕನಿ ಬಾಗಿಲ ಬಳಿ ಕಾಲು ಚಾಚಿ ಮಲಗಿದಾಗ ಹೋಗಿ ಹಣೆ ಸವರುತ್ತಿದ್ದೆ. ಒಂದು ನಿಮಿಷ ಸುಮ್ಮನಿರುತ್ತಿತ್ತು. ಆಮೇಲೆ ಕಣ್ಣು ಅರೆ ಮುಚ್ಚಿ, ಸಣ್ಣಗೆ ಕಟಕಟ ಎಂದು ಹಲ್ಲು ಮಸೆಯಲು ಶುರು ಮಾಡುತ್ತಿತ್ತು. ನಮ್ಮಪ್ಪ ಸಿಟ್ಟು ಬಂದರೆ ಬಯ್ಯುತ್ತಿರಲಿಲ್ಲ, ಹಲ್ಲು ಕಡಿಯುತ್ತಿದ್ದರು; ಆ ಸದ್ದು ಕೇಳಿದರೆ ಮಕ್ಕಳೆಲ್ಲ ಜಾಗ ಖಾಲಿ ಮಾಡುತ್ತಿದ್ದೆವು. ಈಗಲೂ ಹಾಗೇ, ಥಟ್ಟನೆ ಕೈ ತೆಗೆಯುತ್ತಿದ್ದೆ. ತೆಗೆದರೆ ಅದು ತಲೆಯಿಂದ ನನ್ನ ಕೈಯನ್ನು ಗುದ್ದುತ್ತಿತ್ತು. ಇನ್ನು ಕಚ್ಚುವುದೊಂದೇ ಬಾಕಿ ಅಂದುಕೊಂಡೆ.

ಯಾರಾದರೂ ನನ್ನ ಮೇಲೆ ಮುನಿಸಿಕೊಂಡಿದ್ದಾರೆ ಎಂದರೆ ನನಗೆ ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು. ಹಾಸಿಗೆ ಬದಲಾಯಿಸಿದೆ, ಗೂಡು ಬದಲಾಯಿಸಿದೆ, ಪುದೀನ ತಂದೆ, ತುಳಸಿ ತಂದೆ. ಕೆಲಸದ ನಡುವೆ ಹತ್ತು ಸಲ ಎದ್ದು ಹೋಗಿ ಸವರುವುದು, ಕಟಕಟ ಕೇಳಿದೊಡನೆ ಎದ್ದು ಬರುವುದು. ಒಂದು ಮೊಲದ ಮುಂದೆ ಇಷ್ಟು ಸಣ್ಣವಳಾದೆನಲ್ಲ ಎಂದು ನನ್ನ ಮೇಲೇ ಸಿಟ್ಟು. ನನ್ನ ಗಂಡ ನಕ್ಕರೆ ಅವರ ಮೇಲೂ ಸಿಟ್ಟು. ಕೊನೆಗೆ ಅವರ ಸ್ನೇಹಿತರೊಬ್ಬರ ತಾಯಿ ಅಬ್ಬಿಗೆರೆಯಲ್ಲಿದ್ದಾರೆ, ಮನೆ ಸುತ್ತ ಜಾಗವಿದೆ ಎಂದು ತಿಳಿದು, ಒಂದು ಭಾನುವಾರ ಕೊಟ್ಟುಬಂದೆ. ಜೋಪಾನ, ಮುಟ್ಟಿದರೆ ಹಲ್ಲು ಮಸೆಯುತ್ತದೆ ಎಂದು ಎಚ್ಚರಿಕೆ ಬೇರೆ ಹೇಳಿದೆ.

ಬುಧವಾರ ಕೆಳಗಿನ ಮನೆಯ ಆಂಟಿ ಎಂದಿನಂತೆ ಕೊತ್ತಂಬರಿ ದಂಟು ಹಿಡಿದು ಬಂದರು. ಮನೆಯಲ್ಲಿ ಉರ್ದು ಮಾತಾಡುವ ಅವರು ನನ್ನೊಡನೆ ಕನ್ನಡದಲ್ಲೇ ಹರಟುತ್ತಾರೆ. ಚಿಕ್ಕವರಿದ್ದಾಗ ಆರ್.ಟಿ. ನಗರದ ತವರಿನಲ್ಲಿ ಮೊಲ ಸಾಕಿದ್ದರಂತೆ. ಮೊಲ ಎಲ್ಲಿ ಎಂದು ಕೇಳಿದರು. ನಡೆದದ್ದನ್ನೆಲ್ಲ ಹೇಳಿದೆ. ಅವರು ಬಾಗಿಲಲ್ಲೇ ನಿಂತುಬಿಟ್ಟರು.

"ಸಿಟ್ಟಲ್ಲಮ್ಮ ಅದು. ಖುಷಿಯಾದ್ರೆ ಹಂಗ್ ಮಾಡ್ತಾವೆ. ಬೆಕ್ಕು ಗುರ್ ಅನ್ನಲ್ವಾ, ಹಂಗೆ. ತಲೆಯಿಂದ ಗುದ್ದಿದ್ರೆ ಇನ್ನೂ ಸವರು ಅಂತ."

ಅವರು ಹೋದ ಮೇಲೆ ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ಓಡಾಡಿದೆ. ನಾಲ್ಕು ತಿಂಗಳು ಅದು ಪ್ರತಿ ಸಲ ಸುಖವಾಗಿದ್ದೇನೆ ಎಂದಾಗಲೂ ನಾನು ಕೈ ಕಿತ್ತುಕೊಂಡಿದ್ದೆ. ಅಲ್ಲಾದರೂ ಹಾಯಾಗಿದ್ದರೆ ಸಾಕು, ಬಿಟ್ಟುಬಿಡುತ್ತೇನೆ ಎಂದುಕೊಂಡು ಅಬ್ಬಿಗೆರೆಗೆ ಫೋನ್ ಮಾಡಿದೆ. ಹೇಗಿದೆ ಎಂದು ಕೇಳಿದೆ. ಆ ತಾಯಿ ನನಗೆ ಸಮಾಧಾನವಾಗಲಿ ಎಂದೇ ಹೇಳಿದರು:

"ನೀನೇನೂ ಎದರ್ಕೋಬೇಡ ಕಣಮ್ಮ. ಮೂಲೇಲಿ ಸುಮ್ನೆ ಕೂತಿರ್ತದೆ. ನಾವು ಎಷ್ಟ್ ಸವರಿದ್ರೂ ಒಂದ್ ಸಲಾನೂ ಅಲ್ಲು ಮಸ್ದಿಲ್ಲ."

ನನಗೆ ಅಳು ಬಂತು. ಈಗಲೇ ಬರ್ತೀನಿ ಎಂದೆ. ಯಾಕಮ್ಮ ಎಂದು ಅವರು ಕೇಳುವಷ್ಟರಲ್ಲಿ ನಾನು ಮೆಟ್ಟಿಲು ಇಳಿಯುತ್ತಿದ್ದೆ.