ಬೀರಪ್ಪನ ಮುಂದೆ ಸುಟ್ಟ ಪೆಟ್ಟಿಗೆ

ಮಾಳವ್ವಕ್ಕ, ಆ ದಿನ ಆಂಪ್ಲಿಫೈಯರ್ ಸುಟ್ಟಿದ್ದು ಬೀರಪ್ಪ ದೇವರ ಸಿಟ್ಟಿನಿಂದಲ್ಲ. ನಾನು ಸುಟ್ಟೆ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ನಿಂತೆ — ಇಷ್ಟು ವರ್ಷ.

ನಮ್ಮ ಡೊಳ್ಳಿನ ಪದದ ಮೇಳವನ್ನು ಅಮೆರಿಕದ ಕನ್ನಡದವರು ಕರೆಸಿಕೊಂಡದ್ದು ನಿನ್ನ ದನಿಗಾಗಿ. ನಾನು ನಿನ್ನ ಹಿಂದೆ ದನಿಗೂಡಿಸಿ ಸೊಲ್ಲು ಹಿಡಿಯುವವನು, ಗೋಕಾಕದಲ್ಲಿ ಕೊಂಡ ಆ ಆಂಪ್ಲಿಫೈಯರ್ ಪೆಟ್ಟಿಗೆ ಹೊರುವವನು. ಅಲ್ಲಿಯ ಕರೆಂಟಿನ ಜೋರು ನಮ್ಮದರ ಅರ್ಧ. ಅದಕ್ಕೇ ಅಲ್ಲಿ ವೇದಿಕೆ ನೋಡಿಕೊಳ್ಳುತ್ತಿದ್ದ ನಮ್ಮ ಕಡೆಯವರೊಬ್ಬರು ಪೆಟ್ಟಿಗೆಯ ಬೆನ್ನಿಗಿದ್ದ ಸಣ್ಣ ಕೆಂಪು ಸ್ವಿಚ್ಚನ್ನು ಆಚೆ ಸರಿಸಿ, ನನಗೊಬ್ಬನಿಗೇ ಹೇಳಿದ್ದರು: "ಊರಿಗೆ ಹೋದ ಮ್ಯಾಲ ಇದನ್ನ ಮೊದಲಿನಂಗ ಮಾಡ್ರಿ. ಮರತ್ರ ಸುಟ್ಟ ಹೋಗತೈತಿ." ನಾನು ತಲೆಯಾಡಿಸಿದ್ದೆ.

ದೂರ ಹೋಗಿ ಬಂದವರು ಮನೆಯ ಹೊಸ್ತಿಲು ತುಳಿಯುವ ಮೊದಲು ಗುಡಿಯಲ್ಲಿ ಹಾಡಬೇಕಲ್ಲ — ನಮ್ಮ ಮೇಳದ ಪದ್ಧತಿ. ಮೂಡಲಗಿಯಲ್ಲಿ ಬಸ್ಸಿಳಿದು ನೇರ ನಮ್ಮೂರ ಬೀರಪ್ಪನ ಗುಡಿಗೇ ಬಂದೆವು. ಡೊಳ್ಳಿಗೆ, ಮೈಕಿಗೆ, ಪೆಟ್ಟಿಗೆಗೆ ಭಂಡಾರ ಹಚ್ಚಿದವನು ನಾನೇ. ಬೊಗಸೆಗಟ್ಟಲೆ ಹಚ್ಚಿದೆ. ಆ ಕೆಂಪು ಸ್ವಿಚ್ಚು ಅರಿಶಿನದಲ್ಲಿ ಮುಚ್ಚಿಹೋಯಿತು, ಅದರ ನೆನಪೂ ಹೋಯಿತು. ಕರೆಂಟು ಕೊಟ್ಟೆ. ನೀನು ಮೊದಲ ನುಡಿ ಎತ್ತುವಷ್ಟರಲ್ಲಿ ಪೆಟ್ಟಿಗೆ ಢಬ್ ಎಂದಿತು, ಹೊಗೆ ಬಂತು.

ಪೂಜಾರಿ ಎದ್ದು ನಿಂತ. "ಹೆಣ್ಣ ಸಮುದ್ರ ದಾಟಿ ಬಂದೈತಿ, ದೇವರಿಗೆ ಒಪ್ಪಿಗಿಲ್ಲ. ಇನ್ನ ಈಕಿ ಗುಡಿಯಾಗ ಹಾಡೂದ ಬ್ಯಾಡ."

ನಾವು ಗಂಡಸರೂ ಅದೇ ಸಮುದ್ರ ದಾಟಿ ಬಂದಿದ್ದೆವು. ದೇವರ ಸಿಟ್ಟು ನಮಗೆ ಯಾಕಿಲ್ಲ ಎಂದು ಯಾವನೂ ಕೇಳಲಿಲ್ಲ. ಆ ಪೂಜಾರಿಯನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಆದರೆ ಅವನಿಗೆ ಸ್ವಿಚ್ಚಿನ ವಿಷಯ ಗೊತ್ತಿರಲಿಲ್ಲ — ನನಗೆ ಗೊತ್ತಿತ್ತು. ಹೊಗೆ ಕಂಡ ಕೂಡಲೇ ನೆನಪಾಗಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು, ಎಲ್ಲರ ಎದುರು ಬೈಸಿಕೊಳ್ಳಬೇಕಲ್ಲ ಎಂದು ನುಂಗಿದೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ಅಷ್ಟರಲ್ಲಿ ನಿನ್ನ ಜಾಗದಲ್ಲಿ ಮುಂದೆ ನಿಂತು ಹಾಡುವುದು ನನ್ನ ಪಾಲಿಗೆ ಬಂತು — ಆಮೇಲೆ ಹೇಳುವುದೆಲ್ಲಿಂದ ಬಂತು? ಪದ ಕಲಿಸಿದವಳು ನೀನು, ದೊಡ್ಡಪ್ಪನ ಮಗಳು. ಉಂಡ ಮನೆಗೇ ಎರಡು ಬಗೆದೆ. ಥೂ ನನ್ನ ಜನ್ಮಕ್ಕೆ.

ಹೋದ ಅಮಾವಾಸ್ಯೆಗೆ ನೀನು ಗಂಡನ ಊರು ಬೆಲ್ಲದ ಬಾಗೇವಾಡಿಯಿಂದ ಬಂದು ಗುಡಿಯ ಹೊರಗೇ ನಿಂತಿದ್ದೆ. ಒಳಗೆ ನಾನು ನಿನ್ನದೇ ಪದ ಹಾಡಿ, ಬೆವರು ಒರೆಸುತ್ತ ಹೊರಗೆ ಬಂದೆ. ನೀನು ಒಳಗಿನ ದೇವರ ಕಡೆ ಮುಖ ಮಾಡಿ ಗಲ್ಲ ಬಡಿದುಕೊಳ್ಳುತ್ತಿದ್ದೆ. "ನನ್ನ ತಪ್ಪ ಏನಂತ ಒಮ್ಮೆರ ಹೇಳೋ ಯಪ್ಪಾ" ಎನ್ನುತ್ತಿದ್ದೆ. ನಾನು ನಿನ್ನ ಪಕ್ಕದಲ್ಲೇ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋಗಿ ಊಟ ಮಾಡಿದೆ.

ಬರುವ ಅಮಾವಾಸ್ಯೆಗೆ ಆ ಸುಟ್ಟ ಪೆಟ್ಟಿಗೆಯನ್ನು ಗುಡಿಯ ನಡುವೆ ಇಟ್ಟು, ಭಂಡಾರ ಒರೆಸಿ, ಸ್ವಿಚ್ಚನ್ನು ಎಲ್ಲರಿಗೂ ತೋರಿಸುತ್ತೇನೆ. ಅದು ಈಗಲೂ ಪರದೇಶದ ಕರೆಂಟಿನ ಕಡೆಗೇ ಇದೆ. ಮತ್ತೆ ಹಾಡು ಎಂದು ಕೇಳುವ ಮುಖ ನನಗಿಲ್ಲ. ನೀನು ಬಂದು ನಿಲ್ಲು, ಅಷ್ಟೇ. ನಿನ್ನ ಪ್ರಶ್ನೆಗೆ ಉತ್ತರ ಕೊಡಬೇಕಾದವನು ಬೀರಪ್ಪ ಅಲ್ಲ.