ಅತ್ತೆ ಕದ್ದು ತಿಂದಿರಲಿಲ್ಲ

ನಮ್ಮ ಅತ್ತೆ ಕದ್ದು ತಿಂದಿರಲಿಲ್ಲ. ತೂಕದ ಸುಳ್ಳು ಹೇಳಿದವಳು ನಾನು — ಕಾಚಿಗೂಡದ ನಮ್ಮ ಮನೆಯಲ್ಲಿ ಇದು ಇವತ್ತಿನ ತನಕ ಯಾರಿಗೂ ಗೊತ್ತಿಲ್ಲ.

ಅಪ್ಪನ ಅಕ್ಕ ಶಾಂತತ್ತೆಗೆ ಮೈ ಭಾರ, ಮೊಣಕಾಲು ನೋವು, ಸಕ್ಕರೆ ಕಾಯಿಲೆ. ವಯಸ್ಸಾದವರಿಗೆ ಫೋನಿನಲ್ಲೇ ತೂಕ ಇಳಿಸಲು ನೆರವಾಗುವ ಕಾರ್ಯಕ್ರಮವೊಂದಕ್ಕೆ ಅಪ್ಪ ಆಕೆಯನ್ನು ಸೇರಿಸಿದರು. ವಾರಕ್ಕೊಮ್ಮೆ ವಿಡಿಯೊ ಕರೆ; ಊಟ ಹೇಳಿಕೊಡುವ ಮೇಡಂ ರಾಯಚೂರು ಕಡೆಯವರು. ನಾನೋ, ಆಗ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಿನವರ ಬಾಯಿ ಮುಚ್ಚಿಸಿ ಬೀಗುತ್ತಿದ್ದವಳು. 'ಫೋನಿನಿಂದ ಯಾರ ಬೊಜ್ಜೂ ಕರಗಂಗಿಲ್ಲಪ್ಪಾ. ಏನ ಹೇಳಿದ್ರೂ ಅವ್ರು ಶಭಾಶ್ ಅಂತಾರ' ಎಂದು ಅಪ್ಪನೊಡನೆ ವಾದಕ್ಕೆ ಬಿದ್ದೆ. ವಾದಕ್ಕೆ ಪುರಾವೆ ಬೇಕಿತ್ತು.

ತೂಕದ ಯಂತ್ರದ ಮೇಲೆ ನಿಂತರೆ ಅತ್ತೆಗೆ ತನ್ನ ಪಾದವೂ ಕಾಣುತ್ತಿರಲಿಲ್ಲ. ಅಂಕಿ ಓದುವವಳು ನಾನೇ. ಇಳಿದಿತ್ತು — ಚೆನ್ನಾಗಿಯೇ ಇಳಿದಿತ್ತು. 'ಏರೈತಿ, ಅತ್ತಿ' ಎಂದೆ. ಮುಂದಿನ ವಾರವೂ ಹಾಗೇ ಎಂದೆ. ಕರೆಯಲ್ಲಿ ಮೇಡಂಗೂ ಅದನ್ನೇ ಹೇಳಿದೆ. ಸುಳ್ಳನ್ನು ಅವರು ಹಿಡಿಯುತ್ತಾರೋ ನೋಡೋಣ, ಅಂತ...

ಮೇಡಂ ಶಭಾಶ್ ಅನ್ನಲಿಲ್ಲ. ಮೆಲ್ಲಗೆ ಕೇಳಿದರು: 'ನಡುನಡುವ ಏನರ ತಿನ್ನಾಕತ್ತೀರೇನ್ರಿ, ಅಮ್ಮಾ?'

ಅತ್ತೆ ನನ್ನ ಮುಖ ನೋಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು — ಏನೂ ತಿನ್ನದ ಬಾಯಿ! 'ಹೌದ್ರಿ. ಕದ್ದು ತಿಂದೀನಿ.'

ಬೆಚ್ಚಿಬಿದ್ದೆ. ಮಾಡದ ಕಳವನ್ನು ಯಾರಾದರೂ ಒಪ್ಪಿಕೊಳ್ಳುತ್ತಾರೆಯೆ? ಕರೆ ಮುಗಿದ ಮೇಲೆ, ಹಾಗ್ಯಾಕೆ ಅಂದೆ ಎಂದು ಕೇಳಿದೆ.

'ನೀ ಓದಿದ್ದು ಸುಳ್ಳಾಗತೈತೇನ, ತಂಗಿ? ನಿದ್ದಿಗಣ್ಣಾಗ ಏನರ ತಿಂದಿರಬೇಕು ನಾ.'

ಆಗಲೇ ಹೇಳಬಹುದಿತ್ತು. ಹೇಳಿದರೆ ಅಪ್ಪನೆದುರು ಸೋತಂತೆ — ಅಷ್ಟಕ್ಕೇ, ಹೌದು, ಅಷ್ಟಕ್ಕೇ ಸುಮ್ಮನಿದ್ದೆ. ಅತ್ತೆ ಯಾರಿಗೂ ಹೇಳದೆ ರಾತ್ರಿಯ ರೊಟ್ಟಿ ಬಿಟ್ಟಳು. ಸಕ್ಕರೆ ಕಾಯಿಲೆಯ ಗುಳಿಗೆ ಮಾತ್ರ ತಪ್ಪದೆ ನುಂಗಿದಳು. ಒಂದು ಬೆಳಿಗ್ಗೆ ಒಲೆಯ ಮುಂದೆ ಕುಸಿದುಬಿದ್ದಳು. ರಕ್ತದಲ್ಲಿ ಸಕ್ಕರೆ ತೀರಾ ಇಳಿದುಹೋಗಿದೆ ಎಂದರು ಡಾಕ್ಟರು. ಆಸ್ಪತ್ರೆಯಲ್ಲಿ ತೂಗಿದಾಗ ಬಂದ ಅಂಕಿ ಕೇಳಿ ಅಪ್ಪ ನನ್ನ ಕಡೆ ತಿರುಗಿದರು. ಅಷ್ಟರಲ್ಲಿ ಮಂಚದಿಂದ ಅತ್ತೆಯ ದನಿ: 'ಈ ದವಾಖಾನಿ ಕಾಟಾ ಕೆಟ್ಟೈತಿ. ನಮ್ಮ ಹುಡುಗಿ ತಪ್ಪು ಓದಂಗಿಲ್ಲ.'

ಅಪ್ಪ ನಂಬಿದರು. ನಾನು ನಂಬಲು ಬಿಟ್ಟೆ.

ಅತ್ತೆ ಚೇತರಿಸಿಕೊಂಡಳು. ಇಷ್ಟು ವರ್ಷಗಳಾದ ಮೇಲೂ ಯಾರಾದರೂ ಹೋಳಿಗೆ ಬಡಿಸಲು ಬಂದರೆ, 'ನನ್ನ ಮುಂದ ಇಡಬ್ಯಾಡ್ರಿ, ನಾ ಕಳ್ಳಿ' ಎಂದು ಎಲ್ಲರನ್ನೂ ನಗಿಸುತ್ತಾಳೆ. ನಾನೂ ನಕ್ಕಿದ್ದೇನೆ. ಹೇಗೆ ನಕ್ಕೆ — ಅದು ನನಗೇ ನಂಬಲಾಗುತ್ತಿಲ್ಲ.

ಭಾನುವಾರ ನೆಂಟರು ಊಟಕ್ಕೆ ಬರುತ್ತಾರೆ. ಮೊದಲು ಆಕೆಗೆ ಹೇಳುತ್ತೇನೆ, ಆಮೇಲೆ ನಕ್ಕ ಎಲ್ಲರಿಗೂ. ಅತ್ತೆ ಏನಂದರೂ ಮರುಮಾತಾಡುವುದಿಲ್ಲ.