ಮೌಲಾಸಾಬನ ನಿದ್ದೆಯ ಕಾಲನಿರ್ಣಯ

ತೂಕಡಿಸುತ್ತಿರುವವರನ್ನು ಎಬ್ಬಿಸಿ ನೋಡಿ, 'ನಿದ್ದೆ ಬಂದಿತ್ತು' ಎಂದು ಒಪ್ಪಿಕೊಳ್ಳುವ ಸತ್ಯಸಂಧರು ಸಿಗುವುದು ದುರ್ಲಭ. 'ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದೆ' ಎನ್ನುತ್ತಾರೆ. ವಿಚಾರ ಸಂಕಿರಣಗಳ ಮುಂದಿನ ಸಾಲಿನಲ್ಲಿ ನಾನೇ ಎಷ್ಟೋ ಸಲ ಹೀಗೆ ಧ್ಯಾನಸ್ಥನಾಗಿದ್ದೇನೆ. ಎಚ್ಚರವಾದೊಡನೆ, ಭಾಷಣಕಾರರ ಇಸವಿಯೊಂದನ್ನು ತಿದ್ದಿ, ನಾನು ನಿದ್ರಿಸಿರಲಿಲ್ಲವೆಂಬುದಕ್ಕೆ ಪುರಾವೆಯನ್ನೂ ಒದಗಿಸಿದ್ದೇನೆ. ಶಾಸನ ಸಂಶೋಧಕನಾಗಿ ಇಸವಿ ತಿದ್ದುವುದು ನನ್ನ ವೃತ್ತಿಯಾಗಿತ್ತು. ನಿವೃತ್ತಿಯ ಅನಂತರ ಅದು ವ್ಯಾಧಿಯಾಯಿತು. ಮದುವೆಯ ಕರೆಯೋಲೆ ಮನೆಗೆ ಬಂದರೆ ತಿಥಿಗೂ ವಾರಕ್ಕೂ ತಾಳೆಯಾಗುತ್ತದೆಯೇ ಎಂದು ಪಂಚಾಂಗ ತೆರೆದು ನೋಡಿದ ಮೇಲಷ್ಟೇ ನಾನು ವಧೂವರರ ಹೆಸರು ಓದುವುದು. ಈ ವ್ಯಾಧಿಯಿಂದ ಇತರರಿಗೆ ಬೇಸರವಾದೀತೆಂದು ಬಲ್ಲೆ. ಅಪಾಯವೂ ಆದೀತೆಂದು ತಿಳಿಯಲು ನನ್ನ ದರ್ಜಿ ಮೌಲಾಸಾಬನಿಗೆ ನಿದ್ದೆಯ ಪರೀಕ್ಷೆ ಮಾಡಿಸಬೇಕಾಗಿ ಬಂತು.

ಸಿಂಧನೂರಿನ ಬಜಾರಿನಲ್ಲಿ ಮೌಲಾಸಾಬನದು ಒಂದೇ ಬಾಗಿಲಿನ ಅಂಗಡಿ. ನನ್ನ ಹೆಗಲಿನ ಏರುಪೇರನ್ನು ಯಾವ ಅಂಗಿಯಲ್ಲೂ ಕಾಣಗೊಡದಂತೆ ಹೊಲಿಯುವ ಆ ಕೈಗಳ ಮೇಲೆ ನನಗೆ ಮೊದಲಿನಿಂದ ಗೌರವ. ಬಂಡೆಗಲ್ಲಿನ ಮೇಲೆ ಹಸಿ ಕಾಗದ ಹಾಸಿ ಶಾಸನದ ಅಚ್ಚು ತೆಗೆಯುವಾಗ ಒಂದು ಸುಕ್ಕು ಬಿದ್ದರೂ ಒಂದು ಅಕ್ಷರ ಹೋಯಿತು. ಹಾಗಾಗಿ ನೌಕರಿಯಲ್ಲಿದ್ದಾಗ ಕೆಲವು ವರ್ಷ ಮಸ್ಕಿ, ಲಿಂಗಸುಗೂರು ಕಡೆಯ ಹಳ್ಳಿಗಳಿಗೆ ಹೊರಟಾಗಲೆಲ್ಲ, ಅವನ ರಜೆಯ ದಿನ ನೋಡಿ, ಜೊತೆಗೆ ಕರೆದೊಯ್ಯುತ್ತಿದ್ದೆ. ಇತ್ತೀಚಿನ ವರ್ಷಗಳಲ್ಲಿ ಆ ಮೌಲಾಸಾಬ ಹೊಲಿಯುತ್ತ ಹೊಲಿಯುತ್ತಲೇ ತೂಕಡಿಸತೊಡಗಿದ್ದ. ಬಜಾರಿಗೆ ಅದೊಂದು ವಿನೋದ.

"ಏ ಮೌಲಾ, ನಿನ್ನ ಗೊರಕಿ ಯಾವುದು, ಮಷೀನ್ ಸಪ್ಪಳ ಯಾವುದು, ಒಂದೂ ತಿಳಿವಲ್ದಲೇ!" ಎಂದು ಎದುರಿನ ಕಿರಾಣಿ ಅಂಗಡಿಯವನು ಕೂಗುತ್ತಿದ್ದ.

"ಎರಡೂ ನಿಂತ್ರ ನಿನ್ನ ಪೈಜಾಮಾ ಮುಗೀತು ಅಂತ ತಿಳ್ಕೋ" ಎಂದು ಮೌಲಾಸಾಬ ಕಣ್ಣು ಬಿಡದೆಯೇ ಉತ್ತರಿಸುತ್ತಿದ್ದ.

ಹೆಂಡತಿ ಖಾಸಿಂಬಿಯ ಒತ್ತಾಯಕ್ಕೆ ಅವನು ಡಾಕ್ಟರಮ್ಮನ ಬಳಿಗೆ ಹೋದಾಗ ಓದುಬರಹದ ಆಸರೆಯೆಂದು ನಾನೂ ಹೋಗಿದ್ದೆ. ಆಕೆ ಎಲ್ಲ ಕೇಳಿ, ದೂರದ ಊರಿನ ದೊಡ್ಡ ಆಸ್ಪತ್ರೆಗೆ ಪತ್ರ ಬರೆದರು. ಅಲ್ಲಿ ತಲೆಗೆ, ಎದೆಗೆ ತಂತಿ ಅಂಟಿಸಿ ರಾತ್ರಿಯಿಡೀ ಮಲಗಿಸಿ ಉಸಿರಾಟ ನೋಡುವರಂತೆ. ಮರುದಿನ ಹಗಲಿನಲ್ಲಿ ಎರಡೆರಡು ತಾಸಿಗೊಮ್ಮೆ ಕೋಣೆ ಕತ್ತಲು ಮಾಡಿ, ಎಷ್ಟು ಬೇಗ ನಿದ್ದೆ ಹತ್ತುತ್ತದೆಂದು ಅಳೆಯುವರಂತೆ.

"ಹಗಲು ನಿದ್ದಿಗೂ ಪರೀಕ್ಷಾ ಐತೇನ್ರೀ? ಹಂಗಾದ್ರ ನಾ ಫಸ್ಟ್ ಕ್ಲಾಸ್!" ಎಂದ ಮೌಲಾಸಾಬ.

ಡಾಕ್ಟರಮ್ಮ ನಗಲಿಲ್ಲ. "ಪರೀಕ್ಷಾ ಆಗೋತನಕ ಗಾಡಿ ಹೊಡೀಬ್ಯಾಡ್ರಿ. ಮೋಟರ್ ಮಷೀನ್ ಮುಂದ ಭಾಳ ಹುಷಾರ್ ಇರ್ರಿ, ಕೈ ಹೋದೀತು. ಈ ಫಾರಂ ತುಂಬಿ ಲಗೂನ ಕಳಸ್ರಿ. ಇದು ಮುಟ್ಟಿದ ಮ್ಯಾಲೇ ಅವರು ಪಾಳಿ ಕೊಡ್ತಾರ" ಎಂದು ಪತ್ರವನ್ನು ನನ್ನ ಕೈಗಿತ್ತರು.

ಮೋಟಾರು ಬಿಟ್ಟು ಕಾಲಿನಿಂದ ತುಳಿಯುವ ಹಳೆಯ ಮಷೀನಿಗೆ ಮರಳಲು ಮೌಲಾಸಾಬ ಒಪ್ಪಲಿಲ್ಲ. "ಪಾಳಿ ಬರೋತನಕ ಹೆಂಗರ ನಡಸ್ತೀನ್ರೀ" ಎಂದ. ಅವನ ಬೆರಳುಗಳಿಗೂ ಆ ಸೂಜಿಗೂ ನಡುವೆ ಇದ್ದದ್ದು ನನ್ನ ಕೈಯಲ್ಲಿದ್ದ ಆ ಕಾಗದವೊಂದೇ.

ಫಾರಮಿನ ಮೊದಲ ಪ್ರಶ್ನೆಯೇ ನನ್ನನ್ನು ಕೆಡಿಸಿತು: ಈ ತೊಂದರೆ ಯಾವಾಗಿನಿಂದ?

"ದೊಡ್ಡ ಮಗಳ ಲಗ್ನದ ವರ್ಷದಿಂದ ಅಣ್ಣಾರ. ಕಾಲುವಿ ನೀರು ತಡಾ ಆತಲ್ಲ, ಅದ ವರ್ಷ" ಎಂದಳು ಖಾಸಿಂಬಿ.

ನಮ್ಮ ಸೀಮೆಯಲ್ಲಿ ಕಾಲವನ್ನು ಎಣಿಸುವ ಕ್ರಮವೇ ಅದು. ಇಂಥವನು ಹುಟ್ಟಿದ್ದು ಅಣೆಕಟ್ಟಿನ ಗೇಟು ಒಡೆದ ವರ್ಷ, ಇಂಥವಳು ತೀರಿದ್ದು ಎರಡನೆಯ ಬೆಳೆಗೆ ನೀರು ಬಿಡದ ವರ್ಷ. ಕೇಳುವವರಿಗೂ ಹೇಳುವವರಿಗೂ ಅಷ್ಟರಿಂದ ತೃಪ್ತಿ. ಆದರೆ ಎರಡು ಆಧಾರಗಳು ಒಂದನ್ನೊಂದು ಸಮರ್ಥಿಸದೆ ಇಸವಿ ಬರೆಯಲಾರದ ಕೈ ನನ್ನದು. ಬಸ್ಸು ಹತ್ತಿ ತುರ್ವಿಹಾಳಕ್ಕೆ ಹೋಗಿ ಭತ್ತ ಬೆಳೆಯುವ ಖಾಸಿಂಬಿಯ ಅಣ್ಣನನ್ನು ವಿಚಾರಿಸಿದೆ. "ನೀರು ತಡಾ ಆದ ವರ್ಷಾ ಅಂದ್ರ ಯಾವುದಂತ ಹೇಳ್ಲಿ ಸಾಹೇಬ್ರ, ತಡಾ ಆಗದ ವರ್ಷಾ ಕೇಳ್ರಿ, ಹೇಳ್ತೀನಿ" ಎಂದು ಅವನು ನಕ್ಕ. ಮದುವೆಯ ಕರೆಯೋಲೆಯಾದರೂ ಸಿಕ್ಕೀತೆಂದು ಲಿಂಗಸುಗೂರಿಗೆ, ಆ ಹಿರಿಯ ಮಗಳ ಅತ್ತೆಯ ಮನೆಗೆ ಹೋದೆ. ಟ್ರಂಕಿನ ತಳದಿಂದ ಅದು ದೊರಕಿದಾಗ ನನಗಾದ ಹರ್ಷ ತಾಮ್ರಪಟ ಸಿಕ್ಕಾಗಲೂ ಆಗಿರಲಿಲ್ಲ. ಆದರೆ ಅದರಲ್ಲಿ ಮುದ್ರಿತವಾಗಿದ್ದ ಹಿಜರಿ ತಾರೀಖಿಗೂ ಇಂಗ್ಲಿಷ್ ತಾರೀಖಿಗೂ ಒಂದು ದಿನದ ಅಂತರವಿತ್ತು! ನಿದ್ದೆಗೆ ಸಂಬಂಧವೇ ಇಲ್ಲದ ಆ ಒಂದು ದಿನದ ಬೆನ್ನು ಹತ್ತಿ ವಾರವೊಂದು ಕಳೆಯಿತು. ಫಾರಂ ನನ್ನ ಮೇಜಿನ ಮೇಲೆ, ಪಂಚಾಂಗಗಳ ಅಡಿಯಲ್ಲಿ, ಭದ್ರವಾಗಿತ್ತು.

ಮೌಲಾಸಾಬ ಎರಡು ಸಲ ಬಂದು ಕೇಳಿದ. ಎರಡನೆಯ ಸಲ, "ಸುಮಾರಾಗಿ ಒಂದು ಬರೀರಲ್ಲ ಸಾಹೇಬ್ರ" ಎಂದ. ಸುಮಾರಾಗಿ ಬರೆಯುವವರಿಂದಲೇ ಈ ನಾಡಿನ ಚರಿತ್ರೆ ಹಾಳಾದದ್ದು ಎಂದು ನಾನು ಅವನಿಗೆ ಸಾಕಷ್ಟು ದೀರ್ಘವಾಗಿ ವಿವರಿಸಿದೆ. ಪಾಪ, ಅವನು ಕೇಳುತ್ತಲೇ ತೂಕಡಿಸಿದ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಒಂದು ಮಧ್ಯಾಹ್ನ, ಊಟವಾದ ಮೇಲೆ, ಮೋಟಾರು ಓಡುತ್ತಿದ್ದಂತೆಯೇ ಮೌಲಾಸಾಬನ ತಲೆ ಬಾಗಿತು; ಬಲಗೈಯ ತೋರುಬೆರಳು ಸೂಜಿಯ ಕೆಳಗೆ ಸರಿಯಿತು. ಸೂಜಿ ಎಲುಬಿನೊಳಗೆ ಮುರಿಯಿತು. ತೆಗೆಸಿದ್ದಾಯಿತು, ಕೀವಾಯಿತು, ವಾಸಿಯೂ ಆಯಿತು. ಆದರೆ ಬೆರಳು ಇನ್ನು ಬಾಗುವುದಿಲ್ಲ. ಡಾಕ್ಟರಮ್ಮನ ಪತ್ರದ ನೆತ್ತಿಯ ಮೇಲೆ ಒಂದು ತಾರೀಖಿದೆ, ಗಾಯದ ಚೀಟಿಯ ಮೇಲೆ ಇನ್ನೊಂದು. ನಡುವೆ ಹತ್ತೊಂಬತ್ತು ದಿನ. ನನ್ನ ಜೀವಮಾನದಲ್ಲಿ ಇಷ್ಟು ನಿರ್ವಿವಾದವಾದ ಕಾಲಗಣನೆಯನ್ನು ನಾನು ಮಾಡಿದ್ದಿಲ್ಲ. ಫಾರಂ ತಕ್ಷಣ ಹೋಗಿದ್ದರೆ ಪಾಳಿ ಅಷ್ಟರೊಳಗೆ ಸಿಗುತ್ತಿತ್ತೆಂದು ಖಚಿತವಾಗಿ ಹೇಳಲಾಗದು ಎಂದು ನನ್ನೊಳಗಿನ ಸಂಶೋಧಕ ವಾದಿಸುತ್ತಾನೆ. ಆ ವಾದವನ್ನು ಖಾಸಿಂಬಿಯ ಮುಂದೆ ಮಂಡಿಸುವ ಧೈರ್ಯ ಅವನಿಗೂ ಇಲ್ಲ.

ಪರೀಕ್ಷೆಯೇನೋ ಕೊನೆಗೆ ಆಯಿತು. ದೊಡ್ಡ ಆಸ್ಪತ್ರೆಯ ವೈದ್ಯರು ಮೊದಲು ಕೇಳಿದ್ದು ಅದೇ ಪ್ರಶ್ನೆ. ನಾನು ಟಿಪ್ಪಣಿ ತೆಗೆಯುವಷ್ಟರಲ್ಲಿ ಮೌಲಾಸಾಬ, "ಭಾಳ ವರ್ಷ ಆತ್ರೀ" ಎಂದ. ಅವರು ಹಾಗೆಯೇ ಬರೆದುಕೊಂಡು ಎರಡನೆಯ ಪ್ರಶ್ನೆಗೆ ಹೋದರು. ನಿದ್ದೆಯಲ್ಲಿ ಅವನ ಉಸಿರು ಮತ್ತೆ ಮತ್ತೆ ಕಟ್ಟುತ್ತಿತ್ತೆಂದು ತಿಳಿಯಿತು. ಈಗ ಉದ್ದನೆಯ ಕೊಳವೆಯಿಂದ ಮೂಗಿಗೆ ಗಾಳಿ ಊದುವ ಯಂತ್ರ ಕಟ್ಟಿಕೊಂಡು ಮಲಗುತ್ತಾನೆ. "ಆನಿ ಜೋಡಿ ಸಂಸಾರ ಮಾಡಾಕತ್ತೀನಿ ಅಣ್ಣಾರ, ಆದ್ರ ಸಪ್ಪಳಿಲ್ಲದ ಆನಿ" ಎನ್ನುತ್ತಾಳೆ ಖಾಸಿಂಬಿ. ಹಗಲಿಡೀ ಅವನೀಗ ಕಣ್ಣರಳಿಸಿ ಕುಳಿತಿರುತ್ತಾನೆ, ಕತ್ತರಿ ಹಿಡಿಯಲಾಗದೆ. ಬಟ್ಟೆಗೆ ಸೀಮೆಸುಣ್ಣದ ಗೆರೆ ಎಳೆದುಕೊಡುತ್ತಾನೆ. ಕತ್ತರಿಸಿ ಹೊಲಿಯುವುದು ಖಾಸಿಂಬಿ.

ಮೊನ್ನೆ ನಾನು ನನ್ನ ಹಳೆಯ ಕ್ಷೇತ್ರಕಾರ್ಯದ ದಿನಚರಿಗಳನ್ನು ವಿಲೇವಾರಿ ಮಾಡಲು ತೆಗೆದಾಗ, ಊರೂರು ಅಲೆದು ಹುಡುಕಿದ ತಾರೀಖು ನನ್ನದೇ ಅಕ್ಷರದಲ್ಲಿ ಸಿಕ್ಕಿತು. ಅದು ಮಗಳ ಮದುವೆಗಿಂತ ಎಷ್ಟೋ ಹಿಂದಿನದು. ಮಸ್ಕಿಯ ಹತ್ತಿರದ ಒಂದು ಹಳ್ಳಿಯಲ್ಲಿ ಬರೆದದ್ದು. ದಿನಚರಿಯನ್ನು ಅಂಗಡಿಗೆ ಒಯ್ದು ಓದಿದೆ: 'ಮೌಲಾಸಾಬ ಹಸಿ ಕಾಗದ ಹಿಡಿದುಕೊಂಡೇ ನಿದ್ದೆಹೋದ. ಅಚ್ಚು ಹಾಳು. ಸೋಮಾರಿ. ಮುಂದಿನ ಸಲ ಬೇರೆಯವರನ್ನು ಕರೆತರಬೇಕು.' ಕರೆತಂದೂ ಇದ್ದೆ. ರೋಗಕ್ಕೆ ಪ್ರಥಮ ಸಾಕ್ಷಿ ನಾನೇ. ಕಂಡೆ, ತಾರೀಖು ಹಾಕಿದೆ, ಆದರೆ ಅದನ್ನು ಅವನ ಸ್ವಭಾವವೆಂದು ಓದಿಕೊಂಡೆ.

ಮೌಲಾಸಾಬ ಸೀಮೆಸುಣ್ಣ ಕೆಳಗಿಟ್ಟ.

"ಅದಕ್ಕ ಕರೀಲಿಲ್ಲೇನ್ರೀ?" ಎಂದ. "ನನ್ನ ಕೈ ಸರಿ ಇಲ್ಲಂತ ಬಿಟ್ರಿ ಅನ್ಕೊಂಡಿದ್ದೆ ನಾ, ಇಷ್ಟ ವರ್ಷ."

"ಇಲ್ಲೋ ಮೌಲಾ, ನಿನ್ನ ಕೈ ಭಾಳ ಛಲೋ ಇತ್ತು ಆಗ" ಎಂದೆ.

ಕಾಲವನ್ನು ಸೂಚಿಸುವ 'ಆಗ' ಎಂಬ ಆ ಕೊನೆಯ ಮಾತನ್ನು ನಾನು ಆಡಬೇಕಾದ ಅಗತ್ಯವಿರಲಿಲ್ಲ. ಆಡಿಯಾಗಿತ್ತು. ಮೌಲಾಸಾಬ ಬಾಗದ ಬೆರಳಿನ ಪಕ್ಕದಲ್ಲಿ ಸೀಮೆಸುಣ್ಣ ಸಿಕ್ಕಿಸಿಕೊಂಡು, "ನಿಲ್ರಿ ಸಾಹೇಬ್ರ, ಹ್ಯಾಂಗೂ ಬಂದೀರಿ, ಹೆಗಲ ಅಳತಿ ತಗೋತೀನಿ" ಎಂದು ಎದ್ದುನಿಂತ.